ಎಲ್ಡೊರೆಟ್‌ನ ಹದಿನಾರು ವಾರಗಳು

2008ರ ಬಾಸ್ಟನ್ ಮ್ಯಾರಥಾನ್ ನಡೆದದ್ದು ಏಪ್ರಿಲ್ 21ರಂದು. ಮ್ಯಾರಥಾನ್‌ಗೆ ಸಿದ್ಧವಾಗುವ ತರಬೇತಿಯ ಒಂದು ಸುತ್ತು ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾರು ವಾರಗಳದ್ದು. ಆ ದಿನದಿಂದ ಹದಿನಾರು ವಾರ ಹಿಂದಕ್ಕೆ ಎಣಿಸಿದರೆ 2007ರ ಡಿಸೆಂಬರ್ 31ಕ್ಕೆ ಬಂದು ನಿಲ್ಲುತ್ತೇವೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಲ್ಯೂಕಸ್ ಸಾಂಗ್ ಕೀನ್ಯಾದ ಎಲ್ಡೊರೆಟ್‌ನ ಗಲಭೆಯಲ್ಲಿ ಕೊಲೆಯಾದದ್ದು ಅದೇ ದಿನ. ನಾಲ್ಕು ತಿಂಗಳ ಹಿಂದಷ್ಟೇ ಒಸಾಕಾದಲ್ಲಿ ಮ್ಯಾರಥಾನ್ ವಿಶ್ವ ಚಾಂಪಿಯನ್ ಆಗಿದ್ದ ಲ್ಯೂಕ್ ಕಿಬೆಟ್ ಅವರ ತಲೆಗೆ ಅದೇ ಊರಿನಲ್ಲಿ ಅದೇ ದಿನಗಳಲ್ಲಿ ಕಲ್ಲೇಟು ಬಿತ್ತು. ಜನವರಿ 21ರಂದು ಮ್ಯಾರಥಾನ್ ಓಟಗಾರ ವೆಸ್ಲಿ ಎನ್ಗೆಟಿಚ್ ಬಾಣದೇಟಿಗೆ ಬಲಿಯಾದರು.

ಡಿಸೆಂಬರ್ 27ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮ್ವಾಯಿ ಕಿಬಾಕಿ ಗೆದ್ದರೆಂದು ಡಿಸೆಂಬರ್ 30ರಂದು ಘೋಷಿಸಿದ ಕೂಡಲೇ ಭುಗಿಲೆದ್ದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ಕೋಫಿ ಅನ್ನಾನ್ ಅವರ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾದದ್ದು ಫೆಬ್ರವರಿ 28ರಂದು. ಅಂದರೆ ಹದಿನಾರು ವಾರಗಳ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಲಭೆಯ ನಡುವೆಯೇ ಕಳೆದುಹೋಗಿತ್ತು. ಎಲ್ಡೊರೆಟ್ ಮತ್ತು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಇಟೆನ್ ಜಗತ್ತಿನ ದೂರದೋಟದ ತವರುಗಳು. ಬೆಳಗಿನ ಜಾವ ಕೆಮ್ಮಣ್ಣಿನ ದಾರಿಗಳಲ್ಲಿ ಹತ್ತಾರು ಜನ ಗುಂಪಾಗಿ ಓಡುವುದು ಅಲ್ಲಿಯ ಪದ್ಧತಿ. ದಾರಿದಾರಿಗೆ ತಡೆಗಳನ್ನು ಹಾಕಿ ಹೋಗಿಬರುವವರ ಕುಲ ಕೇಳುವ ಕಾಲದಲ್ಲಿ ಗುಂಪಾಗಿ ಓಡುವುದೇ ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಾಲದಲ್ಲಿ ತರಬೇತಿಯ ಸುತ್ತೊಂದನ್ನು ಆರಂಭಿಸಿದರೆ ದೇಹದೊಳಗೆ ಏನು ನಡೆಯುತ್ತದೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಇದಕ್ಕೆ ನಮ್ಮ ಸುತ್ತ ಸಿದ್ಧವಾಗಿರುವ ಉತ್ತರವೆಂದರೆ, ಓಡಿದರೆ ಚಿಂತೆಯೆಲ್ಲ ಬೆವರಿನೊಂದಿಗೆ ಹರಿದುಹೋಗುತ್ತದೆ, ಆದ್ದರಿಂದ ಆತಂಕ ಹೆಚ್ಚಿದಷ್ಟೂ ಹೆಚ್ಚು ಓಡಬೇಕು ಎಂಬುದು. ವಿದ್ಯಾವಂತರೂ ನಂಬಿಕೆಯಿಂದ ಹಂಚುವ ಈ ಮಾತು ಅರ್ಧ ಸುಳ್ಳು, ಮತ್ತು ಆ ಅರ್ಧವೇ ಜನರನ್ನು ಹಾಸಿಗೆ ಹಿಡಿಸುವ ಅರ್ಧ. ಬೆವರಿನ ಮುಖ್ಯ ಕೆಲಸ ಮೈಯನ್ನು ತಂಪು ಮಾಡುವುದು. ಭಯವನ್ನು ಹೊರಹಾಕುವ ಚರಂಡಿ ಚರ್ಮದಲ್ಲಿಲ್ಲ.

ಇದನ್ನು ತಿಳಿಯಲು ಮಾಂಟ್ರಿಯಲ್‌ನ ಒಂದು ಪ್ರಯೋಗಾಲಯಕ್ಕೆ ಹೋಗಬೇಕು. ಹಾನ್ಸ್ ಸೆಲ್ಯೆ ಎಂಬ ಯುವ ವಿಜ್ಞಾನಿ ಅಲ್ಲಿ ಹೊಸ ಹಾರ್ಮೋನೊಂದನ್ನು ಹುಡುಕುತ್ತ ಇಲಿಗಳಿಗೆ ಅಂಡಾಶಯದ ಸಾರವನ್ನು ಚುಚ್ಚುತ್ತಿದ್ದರು. ಇಲಿಗಳ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಊದಿತು, ರೋಗನಿರೋಧಕ ಕಣಗಳು ಬೆಳೆಯುವ ಥೈಮಸ್ ಗ್ರಂಥಿ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ಹಾರ್ಮೋನ್ ಸಿಕ್ಕಿತೆಂದು ಹಿಗ್ಗಿದವರಿಗೆ, ಬೇರೆ ಯಾವ ಸಾರವನ್ನು ಚುಚ್ಚಿದರೂ ಇದೇ ಮೂರು ಬದಲಾವಣೆ ಆಗುತ್ತದೆ ಎಂಬುದು ಬೇಗನೆ ಗೊತ್ತಾಯಿತು. ಮತ್ತೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಕೈಬಿಡುತ್ತಿದ್ದರೇನೋ. ಸೆಲ್ಯೆ ಆ ವೈಫಲ್ಯವನ್ನೇ ಶೋಧವೆಂದು ಕಂಡರು. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪುಟ್ಟ ಬರಹದಲ್ಲಿ, ಒಂದೇ ಬಗೆಯ ಪ್ರತಿಕ್ರಿಯೆಯನ್ನು ಹುಟ್ಟಿಸುವ ಸಂಗತಿಗಳ ಪಟ್ಟಿಯಿದೆ: ಚಳಿ, ಶಸ್ತ್ರಚಿಕಿತ್ಸೆಯ ಗಾಯ, ವಿಷ, ಮತ್ತು ಅತಿಯಾದ ಸ್ನಾಯುಶ್ರಮ. ಓಟ ಒತ್ತಡಕ್ಕೆ ಮದ್ದಾಗುವ ಎಷ್ಟೋ ಮೊದಲೇ ಒತ್ತಡದ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿತ್ತು ಎಂಬುದನ್ನು ಓಟದ ಭಕ್ತರು ಮರೆಯಬಾರದು.

ಸೆಲ್ಯೆ ಒಂದು ವಿಷಯದಲ್ಲಿ ತಪ್ಪಿದ್ದರು, ಮತ್ತು ನಮ್ಮ ಪ್ರಶ್ನೆಗೆ ಆ ತಪ್ಪೇ ಹೆಚ್ಚು ಬೆಳಕು ಚೆಲ್ಲುತ್ತದೆ. ಪೆಟ್ಟು ಎಂಥದ್ದಾದರೂ ದೇಹದ ಉತ್ತರ ಯಾಂತ್ರಿಕವೆಂದು ಅವರು ಭಾವಿಸಿದ್ದರು. ಅಮೆರಿಕದ ಜಾನ್ ಮೇಸನ್ ಮುಂದೆ ಕೋತಿಗಳನ್ನು ಉಪವಾಸ ಕೆಡವಿ ನೋಡಿದರು. ಪಕ್ಕದ ಕೋತಿಗಳು ತಿನ್ನುವುದನ್ನು ನೋಡುತ್ತ ಹಸಿದಿದ್ದ ಕೋತಿಗಳಲ್ಲಿ ಒತ್ತಡದ ಹಾರ್ಮೋನು ಏರಿತು. ಅವುಗಳನ್ನು ಬೇರೆ ಇರಿಸಿ, ಹಣ್ಣಿನ ರುಚಿಯ ಆದರೆ ಪೌಷ್ಟಿಕಾಂಶವೇ ಇಲ್ಲದ ಉಂಡೆಗಳನ್ನು ಕೊಟ್ಟಾಗ, ಹೊಟ್ಟೆಗೆ ಏನೂ ಸಿಗದಿದ್ದರೂ ಹಾರ್ಮೋನು ಏರಲಿಲ್ಲ. ಏರಿಸಿದ್ದು ಹಸಿವಲ್ಲ, ತನ್ನನ್ನು ಕೈಬಿಟ್ಟಿದ್ದಾರೆ ಎಂಬ ಅರಿವು. ಹೀಗಿರುವಾಗ ಬೀದಿಯಲ್ಲಿ ಟೈರು ಸುಡುವ ವಾಸನೆಯಾಗಲಿ, ಪಕ್ಕದ ಹಳ್ಳಿಯಿಂದ ಬಂದ ಸುದ್ದಿಯಾಗಲಿ, ಒಂದು ಹೆಜ್ಜೆಯನ್ನೂ ಇಡದ ಓಟಗಾರನ ಅಡ್ರಿನಲ್ ಗ್ರಂಥಿಗೆ ನಿಜವಾದ ಕೆಲಸವನ್ನೇ ಕೊಡುತ್ತದೆ.

ಆ ಕೆಲಸ ಸಾಗುವ ದಾರಿ ಇದು. ಮಿದುಳಿನ ಹೈಪೊಥಲಾಮಸ್ ಪಿಟ್ಯೂಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯೂಟರಿ ರಕ್ತದ ಮೂಲಕ ಅಡ್ರಿನಲ್‌ಗೆ ತಿಳಿಸುತ್ತದೆ, ಅಡ್ರಿನಲ್ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಸುರಿಸುತ್ತದೆ. ಕಾರ್ಟಿಸೋಲ್ ಶತ್ರುವಲ್ಲ. ಅದಿಲ್ಲದೆ ನಾವು ಬೆಳಿಗ್ಗೆ ಸರಿಯಾಗಿ ಎಚ್ಚರಗೊಳ್ಳುವುದೂ ಕಷ್ಟ. ಆದರೆ ಅದು ಕೈಗೊಳ್ಳುವ ತೀರ್ಮಾನ ಒಂದೇ ದಿಕ್ಕಿನದು: ಈಗ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಬಿಡು, ನಾಳೆ ಮಾಡಬಹುದಾದ ದುರಸ್ತಿಯನ್ನು ನಿಲ್ಲಿಸು. ಬರಗಾಲದಲ್ಲಿ ಕೆರೆಯ ತೂಬೆತ್ತಿ ಬಾಡುತ್ತಿರುವ ಗದ್ದೆಗೆಲ್ಲ ನೀರು ಬಿಟ್ಟರೆ ಇಂದಿನ ಪೈರು ಉಳಿಯುತ್ತದೆ, ಮುಂದಿನ ಹಂಗಾಮಿಗೆ ಕೆರೆಯಲ್ಲಿ ಉಳಿಯುವುದು ಕೆಸರು. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಸಿಮೆಂಟಿನ ಗೋಡೆಯನ್ನು ನೋಡಿ. ಗೋಡೆ ಎದ್ದ ದಿನಕ್ಕೇ ಗಟ್ಟಿಯಾಗುವುದಿಲ್ಲ, ಮೇಸ್ತ್ರಿಗಳು ಕ್ಯೂರಿಂಗ್ ಎನ್ನುವ ನೀರುಣಿಸುವ ದಿನಗಳಲ್ಲಿ ಗಟ್ಟಿಯಾಗುತ್ತದೆ. ಓಟವೂ ಹಾಗೆಯೇ: ಓಡುವಾಗ ನಾವು ದುರ್ಬಲರಾಗುತ್ತೇವೆ, ಬಲಗೊಳ್ಳುವುದು ಅನಂತರದ ಊಟದಲ್ಲಿ ಮತ್ತು ನಿದ್ದೆಯಲ್ಲಿ. ಭಯದಿಂದ ನಿದ್ದೆಗೆಟ್ಟವನ ಗೋಡೆಗೆ ನೀರುಣಿಸುವ ಕೈಯೇ ಇರುವುದಿಲ್ಲ. ಸಾಲದ್ದಕ್ಕೆ ದೇಹ ಎರಡು ಖಾತೆಗಳನ್ನು ಇಡುವುದಿಲ್ಲ. ಹಬ್ಬದ ಖರ್ಚೂ ಆಸ್ಪತ್ರೆಯ ಖರ್ಚೂ ಒಂದೇ ಸಂಬಳದಿಂದ ಹೋಗುವ ಸಂಸಾರದಂತೆ, ಇಪ್ಪತ್ತು ಕಿಲೋಮೀಟರಿನ ಓಟವೂ ಇಡೀ ರಾತ್ರಿಯ ಆತಂಕವೂ ಚೇತರಿಕೆಯ ಒಂದೇ ಗಂಟಿನಿಂದ ವೆಚ್ಚವಾಗುತ್ತವೆ.

ಇವು ಬರಿಯ ಹೋಲಿಕೆಗಳಲ್ಲ. 1995ರಲ್ಲಿ ಓಹಾಯೊದಲ್ಲಿ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಪುಟ್ಟ ಗಾಯವೊಂದನ್ನು ಮಾಡಿ, ಅದು ಮಾಯುವ ದಿನಗಳನ್ನು ಎಣಿಸಿದರು. ಅಂಥ ಹೊಣೆಯಿಲ್ಲದ ಅದೇ ವಯಸ್ಸಿನವರಿಗಿಂತ ಇವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಮ್ಯಾಥ್ಯೂ ಸ್ಟಲ್ಟ್ಸ್-ಕೊಲೆಮೈನೆನ್ ಮತ್ತು ಜಾನ್ ಬಾರ್ತಲಮ್ಯೂ ನಡೆಸಿದ ಅಧ್ಯಯನದಲ್ಲೂ, ಬದುಕಿನ ಒತ್ತಡ ಹೆಚ್ಚಿದ್ದವರ ಸ್ನಾಯುಗಳು ಕಠಿಣ ವ್ಯಾಯಾಮದ ಬಳಿಕ ಶಕ್ತಿಯನ್ನು ಮರಳಿ ಪಡೆಯಲು ಹೆಚ್ಚು ಕಾಲ ತೆಗೆದುಕೊಂಡವು.

ಓಡಿದ ಮೇಲೆ ಮನಸ್ಸು ಹಗುರವಾಗುವುದು ಸುಳ್ಳೇ ಎಂದರೆ, ಅಲ್ಲ, ಅದು ನಿಜ. ಆದರೆ ಅದಕ್ಕೆ ಎಲ್ಲರೂ ಹೊಗಳುವ, ನೋವು ತಗ್ಗಿಸುವ ಎಂಡಾರ್ಫಿನ್ ರಕ್ತದಲ್ಲಿ ಏರುವುದು ಕಾರಣವಾಗಿರುವ ಸಾಧ್ಯತೆ ಕಡಿಮೆ, ಏಕೆಂದರೆ ಅದು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಲಾರದು. ದಾಟಬಲ್ಲ ಇನ್ನೊಂದು ಅಣುವನ್ನು 1992ರಲ್ಲಿ ಜೆರುಸಲೇಮಿನಲ್ಲಿ ರಫಾಯೆಲ್ ಮೆಶೂಲಮ್ ಅವರ ತಂಡ ಗುರುತಿಸಿ, ನಮ್ಮ ‘ಆನಂದ’ ಶಬ್ದದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು. ಓಡಿದ ಬಳಿಕ ರಕ್ತದಲ್ಲಿ ಅದರ ಪ್ರಮಾಣ ಏರುವುದನ್ನು ಸಂಶೋಧಕರು ಅಳೆದಿದ್ದಾರೆ. ಈ ಹಗುರತೆ ಕೆಲವು ಗಂಟೆಗಳ ಬಿಡುವನ್ನು ಕೊಡುತ್ತದೆ, ಮತ್ತು ಗಲಭೆಯ ದಿನಗಳಲ್ಲಿ ಅದು ಸಣ್ಣ ಸಂಗತಿಯಲ್ಲ. ಆದರೆ ಚೇತರಿಕೆಯ ಸಾಲ ಅದರಿಂದ ತೀರುವುದಿಲ್ಲ.

ಇನ್ನೊಂದು ತುದಿಯ ಮೂಢನಂಬಿಕೆಯೂ ಅಷ್ಟೇ ಹಾನಿಕರ: ಒಂದು ವಾರ ತಪ್ಪಿದರೆ ಎಲ್ಲವೂ ಮಣ್ಣುಪಾಲು ಎಂಬುದು. ಎಡ್ವರ್ಡ್ ಕಾಯ್ಲ್ 1984ರಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದವರನ್ನು ಪೂರ್ತಿ ವಿಶ್ರಾಂತಿಯಲ್ಲಿರಿಸಿ ಅಳೆದರು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಮೂರು ವಾರಗಳಲ್ಲಿ ಇಳಿದದ್ದು ಶೇ 7ರಷ್ಟು, ಎಂಟು ವಾರಗಳಿಗೆ ಶೇ 16ರಷ್ಟು. ಮೊದಲ ಇಳಿಕೆಗೆ ಮುಖ್ಯ ಕಾರಣ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ ಕಡಿಮೆಯಾಗುವುದು. ಸ್ನಾಯುಗಳ ಸುತ್ತ ವರ್ಷಗಳಲ್ಲಿ ಹೆಣೆದುಕೊಂಡ ಸೂಕ್ಷ್ಮ ರಕ್ತನಾಳಗಳು ಹಾಗೆಯೇ ಉಳಿದಿದ್ದವು. ರಾಬರ್ಟ್ ಹಿಕ್ಸನ್ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಕೇಳಿದರು: ಪೂರ್ತಿ ನಿಲ್ಲಿಸದೆ ಕಡಿಮೆ ಮಾಡಿದರೆ ಹೇಗೆ? ಹತ್ತು ವಾರ ಕಠಿಣವಾಗಿ ಅಭ್ಯಾಸ ಮಾಡಿದವರು ವಾರದ ಆರು ದಿನಗಳನ್ನು ಎರಡಕ್ಕೆ ಇಳಿಸಿದರೂ, ಅಥವಾ ಆರು ದಿನ ಇಟ್ಟುಕೊಂಡು 40 ನಿಮಿಷಗಳನ್ನು 13ಕ್ಕೆ ಇಳಿಸಿದರೂ, ಹದಿನೈದು ವಾರ ಆ ಆಮ್ಲಜನಕದ ಸಾಮರ್ಥ್ಯ ಕುಗ್ಗಲಿಲ್ಲ. ತೀವ್ರತೆಯನ್ನು ಇಳಿಸಿದವರಲ್ಲಿ ಮಾತ್ರ ಕುಗ್ಗಿತು.

ಎಲ್ಡೊರೆಟ್‌ನ ಓಟಗಾರರಿಗೆ ಇದರ ಅರ್ಥವೇನೆಂದು ಯೋಚಿಸಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ದಾರಿ ಮುಚ್ಚಿದಾಗ ಕೈತಪ್ಪುವುದು ದೂರ, ವೇಗವಲ್ಲ. ಅಂಗಳದಲ್ಲಿ, ಗೋಡೆಯೊಳಗಿನ ಬಯಲಿನಲ್ಲಿ, ಮಹಡಿಯ ಮೆಟ್ಟಿಲಿನಲ್ಲಿ ಹದಿಮೂರು ನಿಮಿಷ ಏದುಸಿರು ಬಿಡುವಂತೆ ಓಡಲು ಹೆದ್ದಾರಿ ಬೇಕಿಲ್ಲ. ಆ ಏಪ್ರಿಲ್‌ನಲ್ಲಿ ಕೀನ್ಯಾದ ಮಾರ್ಟಿನ್ ಲೆಲ್ ಲಂಡನ್ ಮ್ಯಾರಥಾನನ್ನು 2 ಗಂಟೆ 5 ನಿಮಿಷ 15 ಸೆಕೆಂಡುಗಳಲ್ಲಿ ಗೆದ್ದರು. ರಾಬರ್ಟ್ ಚೆರುಯೋಟ್ ಬಾಸ್ಟನ್ ಗೆದ್ದರು. ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದ ಮೊದಲ ಆವೃತ್ತಿಯನ್ನು ಮಹಿಳೆಯರಲ್ಲಿ ಗೆದ್ದದ್ದು ಕೀನ್ಯಾದ ಗ್ರೇಸ್ ಮೊಮಾನ್ಯಿ. ಆಗಸ್ಟ್‌ನಲ್ಲಿ ಸ್ಯಾಮುಯೆಲ್ ವಾಂಜಿರು ಬೀಜಿಂಗ್‌ನಲ್ಲಿ 2 ಗಂಟೆ 6 ನಿಮಿಷ 32 ಸೆಕೆಂಡುಗಳಲ್ಲಿ ಓಡಿ, 1984ರಿಂದ ಉಳಿದಿದ್ದ ಕಾರ್ಲೋಸ್ ಲೋಪೆಸ್ ಅವರ ಒಲಿಂಪಿಕ್ ದಾಖಲೆಯನ್ನು ಮುರಿದರು. ಇದರಿಂದ ಗಲಭೆ ಓಟಗಾರರನ್ನು ಗಟ್ಟಿಗೊಳಿಸಿತು ಎಂದು ಯಾರೂ ಹೇಳಬಾರದು. ಆ ಪಟ್ಟಿಯಲ್ಲಿ ಸಾಂಗ್ ಇಲ್ಲ, ಎನ್ಗೆಟಿಚ್ ಇಲ್ಲ, ಮನೆ ಸುಟ್ಟ ಮೇಲೆ ಓಟವನ್ನೇ ಬಿಟ್ಟವರ ಹೆಸರುಗಳೂ ಇಲ್ಲ. ವರ್ಷಗಳ ಅಭ್ಯಾಸದಿಂದ ಕಟ್ಟಿದ ಬುನಾದಿ ಎರಡು ತಿಂಗಳಿಗೆ ಕರಗುವುದಿಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಬುನಾದಿಯೇ ಇಲ್ಲದೆ ಇಂಥ ಕಾಲದಲ್ಲಿ ಓಟಕ್ಕೆ ಬಂದವರೂ ಇದ್ದಾರೆ. ನಮ್ಮ ಊರುಗಳಲ್ಲೂ ಪಾದರಕ್ಷೆಗೆ ಹೆಸರಾದ ಬಾಟಾ ಕಂಪನಿಗೆ ಜೆಕ್ ನಾಡಿನ ಜ಼್ಲೀನ್ ಊರಿನಲ್ಲಿದ್ದ ಕಾರ್ಖಾನೆಯಲ್ಲಿ ಎಮಿಲ್ ಜ಼ಾಟೊಪೆಕ್ ಎಂಬ ತರುಣ ಕೆಲಸಗಾರ, 1941ರಲ್ಲಿ ನಾಜ಼ಿ ಆಕ್ರಮಣದ ನಡುವೆ, ಮನಸ್ಸಿಲ್ಲದ ಮನಸ್ಸಿನಿಂದ ಮೊದಲ ಓಟ ಓಡಿ ಎರಡನೆಯವನಾದ. ಹನ್ನೊಂದು ವರ್ಷಗಳ ಬಳಿಕ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಅವರು ಚಿನ್ನ ಗೆದ್ದರು. ಅವರ ಅಭ್ಯಾಸದ ತಿರುಳು ಸಣ್ಣ ದೂರಗಳ ವೇಗದ ಓಟವನ್ನು ಮತ್ತೆ ಮತ್ತೆ ಓಡುವುದಾಗಿತ್ತು.

ಆದರೂ ಹೊಸಬರು ಹಿಕ್ಸನ್ ಅವರ ಫಲಿತಾಂಶವನ್ನು ಹಾಗೆಯೇ ತಮಗೆ ಅನ್ವಯಿಸಿಕೊಳ್ಳಬಾರದು. ಆ ಹದಿಮೂರು ನಿಮಿಷಗಳು ಈಗಾಗಲೇ ಗಳಿಸಿದ್ದನ್ನು ಕಾಪಾಡುತ್ತವೆ, ಹೊಸದನ್ನು ಗಳಿಸಿಕೊಡುವುದಿಲ್ಲ. ಕರ್ಫ್ಯೂ ಇರುವ ವಾರದಲ್ಲಿ ಮೊದಲ ಸಲ ಓಟ ಆರಂಭಿಸುವವರು ದಿನಬಿಟ್ಟು ದಿನ ಇಪ್ಪತ್ತು ನಿಮಿಷ, ಮಾತಾಡಿಕೊಂಡು ಓಡಬಹುದಾದ ನಿಧಾನದಲ್ಲಿ ಓಡಿದರೆ ಸಾಕು. ನಿದ್ದೆಯಿಲ್ಲದ ರಾತ್ರಿಯ ಮರುದಿನವನ್ನು ಓಡಿದ ದಿನವೆಂದೇ ಲೆಕ್ಕ ಹಾಕಿ ಸುಮ್ಮನೆ ನಡೆದಾಡಬೇಕು. ಊರು ಶಾಂತವಾದ ಮೇಲೆ ಪ್ಲಾಸ್ಮಾ ಒಂದೆರಡು ವಾರಗಳಲ್ಲೇ ತುಂಬಿಕೊಂಡು, ಉಸಿರಾಟ ಸಲೀಸಾಗಿ, ಇನ್ನು ಎಷ್ಟು ಬೇಕಾದರೂ ಓಡಬಹುದು ಅನ್ನಿಸುತ್ತದೆ. ಹಿಮ್ಮಡಿಯ ಸ್ನಾಯುರಜ್ಜುವಿಗೂ ಮೊಣಕಾಲ ಕೆಳಗಿನ ಮೂಳೆಗೂ ಅದೇ ಓಟಕ್ಕೆ ಒಗ್ಗಲು ತಿಂಗಳುಗಳು ಬೇಕಾಗುವುದರಿಂದ, ಮೊದಲು ವಾರದ ದಿನಗಳನ್ನು, ಆಮೇಲೆ ದೂರವನ್ನು, ಕೊನೆಗೆ ವೇಗವನ್ನು ಏರಿಸಬೇಕು.