ತೆಳ್ಳಗಿದ್ದರೂ ಕಾಲೂರಿ ನಿಲ್ಲುವ ಅಕ್ಷರ

ತುಮಕೂರಿನಲ್ಲಿ ಡಿಸೈನ್ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ, ಲೇಬಲ್, ಹೋಟೆಲ್ ಮೆನು ಅಂತ ದಿನಾ ಅಕ್ಷರಗಳ ಜೊತೆಗೇ ಬದುಕುತ್ತಿದ್ದೇನೆ. ಬರುವವರೆಲ್ಲ ಹೇಳುವುದು ಒಂದೇ ಮಾತು: "ಸಾರ್, ಇನ್ನೊಂಚೂರು ದಪ್ಪ ಮಾಡಿ." ತೆಳ್ಳಗೆ ಮಾಡಿ ಅಂತ ಕೇಳಿದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಆದರೂ ಕನ್ನಡದ ಕೆಳಗೆ ಒಂದು ಸಾಲು ಇಂಗ್ಲಿಷ್ ಬರಬೇಕಾದಾಗ ನನ್ನ ಕೈ ಹೋಗುವುದು ಲೈಟ್ ಸ್ಲ್ಯಾಬ್ ಸೆರಿಫ್ ಇಟಾಲಿಕ್ ಕಡೆಗೇ. ಲೈಟ್ ಅಂದರೆ ತೆಳು ಗೆರೆ, ಇಟಾಲಿಕ್ ಅಂದರೆ ಬಲಕ್ಕೆ ವಾಲಿದ ಓರೆ ಅಕ್ಷರ.

ಇಂಗ್ಲಿಷ್ ಅಕ್ಷರದ ಕಾಲಿನ ತುದಿಯಲ್ಲಿ ಅಡ್ಡಕ್ಕೆ ಚಾಚಿದ ಪುಟ್ಟ ಗೀಟು ಇರುತ್ತದಲ್ಲ, ಅದು ಸೆರಿಫ್. ಟೈಮ್ಸ್ ನ್ಯೂ ರೋಮನ್‌ನಲ್ಲಿ ಅದು ಚೂಪಾಗುತ್ತಾ ಹೋಗುತ್ತದೆ. ಸ್ಲ್ಯಾಬ್ ಅಂದರೆ ಚಪ್ಪಡಿ. ಇಲ್ಲಿ ಸೆರಿಫ್ ಚಪ್ಪಡಿ ಕಲ್ಲಿನ ಹಾಗೆಯೇ ಚೌಕ, ಕಾಲಿನ ದಪ್ಪವೂ ಸೆರಿಫ್‌ನ ದಪ್ಪವೂ ಹೆಚ್ಚುಕಡಿಮೆ ಒಂದೇ. ಕೋರ್ಟ್ ಮುಂದೆ ಕೂತು ಟೈಪ್‌ರೈಟರ್‌ನಲ್ಲಿ ಟೈಪ್ ಮಾಡಿಕೊಡುವವರ ಇಂಗ್ಲಿಷ್ ಕಾಗದ ನೋಡಿದ್ದರೆ ನಿಮಗೆ ಇದರ ಪರಿಚಯ ಆಗಲೇ ಇದೆ.

ಹುಟ್ಟಿದಾಗ ಇದು ಮೆಲುದನಿಯ ಅಕ್ಷರ ಆಗಿರಲಿಲ್ಲ. 19ನೇ ಶತಮಾನದ ಆರಂಭದ ಲಂಡನ್‌ನಲ್ಲಿ ಗೋಡೆ ಜಾಹೀರಾತಿಗೆ ಅಂತಲೇ ದಪ್ಪ ದಪ್ಪವಾಗಿ ಬಂತು. ತೆಳ್ಳಗಿನ, ಅಳೆದು ಕೊರೆದ ಹಾಗಿರುವ ರೂಪಗಳು ಹೆಚ್ಚಾಗಿ ಬಂದದ್ದು ಆಮೇಲೆ, 1929ರ ಮೆಂಫಿಸ್, 1934ರ ರಾಕ್‌ವೆಲ್ ಅನ್ನುವ ಫಾಂಟ್‌ಗಳ ಕಾಲಕ್ಕೆ. ಇಟಾಲಿಕ್‌ನ ಕಥೆಯೇ ಬೇರೆ. ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್ 1501ರಲ್ಲಿ ಪುಟ್ಟ ಪುಸ್ತಕಗಳಿಗೆ ಬಳಸಿದ, ಕೈಬರಹದಿಂದ ಬಂದ ಅಕ್ಷರ ಅದು. ಒಂದು ಸಂತೆಯಲ್ಲಿ ಕೂಗುವ ಜಾತಿ, ಇನ್ನೊಂದು ಓಡುವ ಪೆನ್ನಿನ ಜಾತಿ, ಎರಡನ್ನೂ ಕೂಡಿಸಿ ತೂಕ ಇಳಿಸಿದರೆ ಸಿಗುವುದೇ ನಮ್ಮ ಈ ಅಕ್ಷರ.

ಕನ್ನಡದ ಪಕ್ಕ ಇದು ಯಾಕೆ ಹೊಂದುತ್ತದೆ? ನಾವು ದಿನಾ ಬಳಸುವ ಬಹುಪಾಲು ಕನ್ನಡ ಫಾಂಟ್‌ಗಳಲ್ಲಿ ಗೆರೆ ಒಂದೇ ಸಮ ಇರುತ್ತದೆ, ತಲೆಕಟ್ಟಿನಿಂದ ಒತ್ತಿನವರೆಗೂ. ಬೊಡೋನಿ ತರದ, ಒಂದು ಕಡೆ ದಪ್ಪ ಇನ್ನೊಂದು ಕಡೆ ಕೂದಲೆಳೆ ಇರುವ ಇಂಗ್ಲಿಷ್ ತಂದು ಪಕ್ಕಕ್ಕಿಟ್ಟರೆ ಬೇರೆ ಮನೆಯವರು ಬಂದು ಕೂತ ಹಾಗೆ ಕಾಣುತ್ತದೆ. ಸ್ಲ್ಯಾಬ್‌ನ ಗೆರೆಯೂ ಸಮ, ಹಾಗಾಗಿ ಎರಡೂ ಸಾಲಿನ ಕಪ್ಪು ಒಂದೇ ಹದದಲ್ಲಿ ಕಾಣುತ್ತದೆ. ಓರೆ ಇರುವುದರಿಂದ ಇದು ಎರಡನೇ ದನಿ ಅಂತಲೂ ಗೊತ್ತಾಗುತ್ತದೆ. ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸ, ಮೆನುವಿನಲ್ಲಿ ತಟ್ಟೆ ಇಡ್ಲಿಯ ಕೆಳಗೆ ಹೊರಗಿನವರಿಗಾಗಿ ಒಂದು ಸಾಲಿನ ವಿವರಣೆ, ಫೋಟೊ ಕೆಳಗಿನ ಮಾತು, ಇಂಥ ಕಡೆ ಅದಕ್ಕೆ ಸಾಟಿ ಇಲ್ಲ.

ಆದರೆ ಪೆಟ್ಟೂ ತಿಂದಿದ್ದೇನೆ. ತಿಪಟೂರು ಕಡೆಯ ಒಬ್ಬರಿಗೆ ಕೊಬ್ಬರಿ ಎಣ್ಣೆ ಲೇಬಲ್ ಮಾಡಿಕೊಟ್ಟೆ. ಕಡು ಹಸಿರು ನೆಲ, ಬಿಳಿ ಅಕ್ಷರ, 6 ಪಾಯಿಂಟ್ ಲೈಟ್ ಇಟಾಲಿಕ್. ಸ್ಕ್ರೀನ್ ಮೇಲೆ ಮುತ್ತಿನ ಹಾಗಿತ್ತು. ಪ್ರೆಸ್ಸಿನಿಂದ ಬಂದಾಗ ಸುತ್ತಲಿನ ಇಂಕು ಒಳಕ್ಕೆ ಹರಡಿ ಸೆರಿಫ್‌ಗಳನ್ನೆಲ್ಲ ನುಂಗಿತ್ತು, ಅರ್ಧ ಸಾಲು ಮಾಯ. ಪ್ರೆಸ್ಸಿನವರ ತಪ್ಪೇನಿಲ್ಲ, ತಪ್ಪು ನನ್ನದೇ. ಆ ಹಸಿರು ಬರುವುದು ಮೂರ್ನಾಲ್ಕು ಬಣ್ಣ ಒಂದರ ಮೇಲೊಂದು ಬಿದ್ದು. ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಪ್ಲೇಟ್, ಅದರಲ್ಲಿ ಒಂದು ಕೂದಲೆಳೆ ಸರಿದರೂ ಅಷ್ಟು ತೆಳು ಬಿಳಿ ಗೆರೆ ಉಳಿಯುವುದಿಲ್ಲ. ಈಗ ತೆಳು ಅಕ್ಷರ ಅಂದರೆ ಬಿಳಿ ಕಾಗದದ ಮೇಲೆ ಬರೀ ಕಪ್ಪು ಪ್ಲೇಟ್. ಕಡು ನೆಲ ಬೇಕೇ ಬೇಕು ಅಂದರೆ ಲೈಟ್ ಬಿಟ್ಟು ಮೀಡಿಯಂಗೆ ಹೋಗುತ್ತೇನೆ, ಅಳತೆಯನ್ನೂ ಏರಿಸುತ್ತೇನೆ. ಫ್ಲೆಕ್ಸಿಗೆ, ಬಸ್ಸಿನ ಬೋರ್ಡಿಗೆ ಅಂತೂ ಇದರ ಹೆಸರೇ ಎತ್ತಬೇಡಿ.

ಇಂಗ್ಲಿಷ್ ಓರೆ ಆಯ್ತಲ್ಲ ಅಂತ ಜೊತೆಗಿರುವ ಕನ್ನಡವನ್ನೂ ಸೆಲೆಕ್ಟ್ ಮಾಡಿ ಇಟಾಲಿಕ್‌ನ ‘I’ ಬಟನ್ ಒತ್ತುವವರಿದ್ದಾರೆ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಕನ್ನಡ ಅಕ್ಷರಕ್ಕೆ ಇಟಾಲಿಕ್ ಪರಂಪರೆ ಇಲ್ಲ. ಕಂಪ್ಯೂಟರ್ ಸುಮ್ನೆ ಅಕ್ಷರವನ್ನು ಪಕ್ಕಕ್ಕೆ ತಳ್ಳುತ್ತದೆ: ಸಾಲಿನ ಮೇಲಿರುವ ತಲೆಕಟ್ಟು ಬಲಕ್ಕೆ ಹೋಗುತ್ತದೆ, ಕೆಳಗಿರುವ ಒತ್ತು ಎಡಕ್ಕೆ ಜಾರುತ್ತದೆ. ಒತ್ತು ಯಾವ ಅಕ್ಷರದ್ದು ಅಂತ ಕಣ್ಣು ಹುಡುಕಬೇಕು. ಕನ್ನಡದಲ್ಲಿ ಒತ್ತಿ ಹೇಳಬೇಕಿದ್ದರೆ ದಪ್ಪ ಮಾಡಿ, ಬಣ್ಣ ಬದಲಿಸಿ, ಸಾಕು.

ಇಂಗ್ಲಿಷ್‌ನಲ್ಲೂ ಇದೇ ಮೋಸ ನಡೆಯುತ್ತದೆ. ರೊಬೊಟೊ ಸ್ಲ್ಯಾಬ್ ಅನ್ನುವ ಫಾಂಟ್‌ಗೆ ಇಟಾಲಿಕ್ ಇಲ್ಲ, ಆದರೂ ಬಟನ್ ಒತ್ತಿದರೆ ಓರೆ ಆಗಿ ಕೂರುತ್ತದೆ. ಆ ಸುಳ್ಳು ಇಟಾಲಿಕ್‌ನ ‘o’ ನೋಡಿ: ಬಲ ಮೇಲ್ಗಡೆ, ಎಡ ಕೆಳಗಡೆ ಊದಿಕೊಂಡಿರುತ್ತದೆ. ತೆಳು ಅಕ್ಷರದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ರಾಕ್‌ವೆಲ್‌ನ ಇಟಾಲಿಕ್ ಕೂಡ ನೆಟ್ಟಗಿನ ರೂಪವನ್ನೇ ಓರೆ ಮಾಡಿದ್ದು, ಆದರೆ ಅದನ್ನು ಕೈಯಿಂದ ತಿದ್ದಿದ್ದಾರೆ, ವ್ಯತ್ಯಾಸ ಅಲ್ಲಿದೆ. ಕೈಬರಹದ ಗುಣ ಇರುವ ಇಟಾಲಿಕ್ ಹುಡುಕುವವರು ಸಣ್ಣ ‘a’ ನೋಡಿ. ಕೆಳಗೆ ಹೊಟ್ಟೆ, ಮೇಲೆ ಕೊಕ್ಕೆ ಇರುವ ಎರಡಂತಸ್ತಿನ ‘a’ ಅಲ್ಲಿ ಸಾಮಾನ್ಯವಾಗಿ ಒಂದೇ ಅಂತಸ್ತಿಗೆ ಇಳಿದಿರುತ್ತದೆ.

ದುಡ್ಡಿಲ್ಲದೆ ಸಿಗುವ ಪೈಕಿ ನನಗಿಷ್ಟ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾದವರ 2017ರ ಜಿಲ್ಲಾ ಸ್ಲ್ಯಾಬ್, ಅದರಲ್ಲಿ ಲೈಟ್ ಇಟಾಲಿಕ್ ಇದೆ. ಜೋಸೆಫಿನ್ ಸ್ಲ್ಯಾಬ್ ಇನ್ನೂ ನಾಜೂಕು, ಆದರೆ ಅದರ ಸಣ್ಣ ಅಕ್ಷರಗಳು ತುಂಬಾ ಕುಳ್ಳು, 9 ಪಾಯಿಂಟ್ ಇಟ್ಟರೂ 7ರ ಹಾಗೆ ಕಾಣುತ್ತದೆ. ಅದನ್ನು ಲಗ್ನಪತ್ರಿಕೆಯ ಮೇಲಿನ ದೊಡ್ಡ ಹೆಸರಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಮೆನು ಮಾಡುವವರಿಗೆ ಒಂದು ಮಾತು. ನಮ್ಮ ರೂಪಾಯಿ ಚಿಹ್ನೆ ಬಂದಿದ್ದೇ 2010ರಲ್ಲಿ, ಹಾಗಾಗಿ ಹಳೆಯ ಫಾಂಟ್ ಫೈಲ್‌ಗಳಲ್ಲಿ ಅದು ಇರುವುದಿಲ್ಲ. ಇಲ್ಲದಿದ್ದಾಗ ಕಂಪ್ಯೂಟರ್ ಬೇರೆ ಫಾಂಟಿನಿಂದ ಎತ್ತಿ ತಂದು ಹಾಕುತ್ತದೆ, ತೆಳ್ಳಗಿನ ಓರೆ ಅಂಕಿಗಳ ಮುಂದೆ ದಪ್ಪಗೆ ನೆಟ್ಟಗೆ ಒಂದು ಚಿಹ್ನೆ ನಿಂತಿರುತ್ತದೆ. ಪ್ರೂಫ್‌ನಲ್ಲಿ ನಾನು ಮೊದಲು ಬೆಲೆಯ ಸಾಲನ್ನೇ ನೋಡುತ್ತೇನೆ.