ಮಾವಿನ ಬುಡದಲ್ಲಿ ಉಪ್ಪಿನಕಾಯಿ

ರಾಯಚೂರಿನ ನಮ್ಮ ಓಣಿಯಲ್ಲೊಂದು ಮಾವಿನ ಗಿಡ. ಆ ಮನೆಯ ಅವ್ವ ದಿನಾ ಸಂಜೆ ಒಂದು ಬಕೆಟ್ ಬೋರ್‌ವೆಲ್ ನೀರು ತಪ್ಪದೆ ಹಾಕುತ್ತಾರೆ. ಆದರೂ ಎಲೆಯಂಚು ಕಂದಿ, ಸುಟ್ಟ ಹಪ್ಪಳದ ಹಾಗೆ ಮುರಿಯುತ್ತದೆ. "ಯಾರ್ದೋ ಕಣ್ಣು ಬಿದ್ದೈತ್ರಿ" ಎಂದು ಕೊಂಬೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾರೆ. ಲಿಂಬೆಹಣ್ಣು ಪಾಪದ್ದು. ಕೇಡಿರುವುದು ಬಕೆಟ್ಟಿನಲ್ಲಿ, ಬೋರ್‌ವೆಲ್ ನೀರಿನ ಉಪ್ಪಿನಲ್ಲಿ.

ಅದೇ ಅವ್ವ ಬೇಸಿಗೆಯಲ್ಲಿ ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಡುತ್ತಾರೆ. ಮರುದಿನ ಹೋಳು ಮುದುಡಿ ನೀರು ಬಿಟ್ಟಿರುತ್ತದೆ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿಯದೂ ಅದೇ ಪಾಡು. ಉಪ್ಪು ಹೆಚ್ಚಿರುವ ಕಡೆಗೆ ನೀರಿನ ಸೆಳೆತ. ಮಣ್ಣು ಹಸಿಯಿದ್ದರೂ ಅದರ ನೀರನ್ನು ಉಪ್ಪು ಬಿಟ್ಟುಕೊಡದ ಕಾರಣ ಬೇರು ಬಾಯಾರುತ್ತದೆ. ಹಾಗೂ ಹೀಗೂ ಒಳಸೇರಿದ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಜತೆಗೆ ಬಂದ ಉಪ್ಪು ಅಲ್ಲೇ ಉಳಿಯುತ್ತದೆ, ಹಳೇ ಮಣ್ಣಿನ ಕೊಡದ ಮೈಮೇಲೆ ಬಿಳಿ ಪೊರೆ ಕಟ್ಟುವ ಹಾಗೆ. ಮಾವಂತೂ ಉಪ್ಪಿಗೆ ಬಲು ನಾಜೂಕು.

ಲೀಟರಿಗೆ 1 ಗ್ರಾಂ ಉಪ್ಪಿರುವ ನೀರೆಂದೇ ಇಟ್ಟುಕೊಳ್ಳಿ. 15 ಲೀಟರಿನ ಬಕೆಟ್, 100 ದಿನ: ಒಂದೂವರೆ ಕಿಲೋ ಉಪ್ಪು! ದಿನಾ ಚೂರುಚೂರು ಹಾಕಿದ ನೀರು ಆಳಕ್ಕಿಳಿಯುವುದಿಲ್ಲ. ದೀಪದ ಬತ್ತಿ ಎಣ್ಣೆ ಎಳೆದಂತೆ ಬಿಸಿಲು ಅದನ್ನು ಮೇಲೆಳೆದು, ಉಪ್ಪನ್ನು ಬುಡದಲ್ಲೇ ಬಿಡುತ್ತದೆ.

ಉಪ್ಪಿನೊಳಗಿನ ಸೋಡಿಯಂ ಎರೆಮಣ್ಣಿಗೂ ವೈರಿ. ಕಣಗಳ ಹಿಡಿತ ತಪ್ಪಿಸಿ, ನೀರಿಳಿಯದಂತೆ ಮಣ್ಣನ್ನು ಜಡಿದುಬಿಡುತ್ತದೆ. ನಮ್ಮ ರೈತರಿಗೆ ಸವಳಿನ, ಅಂದರೆ ಉಪ್ಪೇರಿದ ಮಣ್ಣಿನ, ಕಥೆ ಹೊಸದಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಭತ್ತವೂ ಬಂತು. ಹೆಚ್ಚಾದ ನೀರು ಬಸಿದುಹೋಗಲು ಬಸಿಗಾಲುವೆ ಇಲ್ಲದ ಹೊಲಗಳಲ್ಲಿ ಉಪ್ಪು ಮೇಲೆದ್ದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಭೂಮಿಯ ಮೇಲೇ ಕೆಲಸ ಮಾಡುತ್ತದೆ. ಮದ್ದು ಜಿಪ್ಸಂ. ಅದರ ಕ್ಯಾಲ್ಸಿಯಂ, ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ, ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದದ್ದು ನೀರಿನೊಂದಿಗೆ ಕೆಳಗಿಳಿದು ಹೋಗಬೇಕು, ಇಲ್ಲದಿದ್ದರೆ ಮತ್ತೆ ವಕ್ಕರಿಸುತ್ತದೆ.

ಹಾಗಾಗಿ ಅವ್ವನಿಗೆ ಹೇಳಿದ್ದು ಇಷ್ಟು: ಬುಡದ ಸುತ್ತಲಿನ ಸಿಮೆಂಟ್ ಒಡೆಸಿ. ದಿನದ ಬಕೆಟ್ ಬಿಟ್ಟು, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಕೊಂಬೆಗಳ ನೆರಳು ಬೀಳುವಷ್ಟಗಲ, ಆಳಕ್ಕಿಳಿಯುವ ಹಾಗೆ ಹಾಯಿಸಿ. ಮೇಲೆ ಒಣ ಎಲೆ ಹೊದಿಸಿ. ಮಾಳಿಗೆಯ ಮಳೆನೀರನ್ನು ಗಿಡದ ಕಡೆ ತಿರುಗಿಸಿ, ಉಪ್ಪು ತೊಳೆಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ.

ಎದುರಿನ ಚರಂಡಿ ದಂಡೆಯಲ್ಲಿ ಬಳ್ಳಾರಿ ಜಾಲಿ ಹಚ್ಚಗೆ ನಿಂತಿತ್ತು. ಹೆಸರಷ್ಟೇ ಬಳ್ಳಾರಿಯದು, 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಗಿಡ. ಬರಕ್ಕೂ ಜಗ್ಗದು, ಸವಳಿಗೂ ಜಗ್ಗದು. "ಇದನ್ನ ಹಚ್ಚೂಣೇನ್ರಿ?" ಅಂದರು ಅವ್ವ. ಬೇಡವೇ ಬೇಡ, ಹೊಂಗೆ ಹಚ್ಚಿರಿ ಎಂದೆ.