ಹತ್ತು ದಿನದ ಹಾಸಿಗೆ, ವರ್ಷದ ಗುಳಿಗಿ

'ಹತ್ತು ದಿನ ಅಡ್ಮಿಟ್ ಮಾಡಿದ್ವಿ, ಈಗ ಆರಾಮ ಅದಾನ.' ಹೆರಾಯಿನ್ ಬಿಟ್ಟ ಹುಡುಗನ ಮನೆಯವರು ಹೀಗೆ ಹೇಳಿದರೆ ಅದು ಸುಳ್ಳೇನಲ್ಲ. ಆಕಳಿಕೆ, ಮೂಗಿನಲ್ಲಿ ನೀರು, ಮೈತುಂಬ ಮುಳ್ಳು, ವಾಂತಿ-ಭೇದಿ ಎಲ್ಲವೂ ಎರಡು-ಮೂರನೇ ದಿನ ಹೆಚ್ಚಾಗಿ, ವಾರ ಹತ್ತು ದಿನದಲ್ಲಿ ಇಳಿಯುತ್ತವೆ. ಇಳಿಯುವಾಗ ದೇಹದ ತಾಳಿಕೆಯೂ ಇಳಿದಿರುತ್ತದೆ. ಹೊರಗೆ ಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಅದಕ್ಕೇ ಬ್ಯುಪ್ರೆನಾರ್ಫಿನ್ ಎಂಬ ಗುಳಿಗಿ. ಮಿದುಳಿನಲ್ಲಿ ಅಫೀಮು, ಹೆರಾಯಿನ್ ಕೂರುವ ಜಾಗದಲ್ಲೇ ಇದು ಗಟ್ಟಿಯಾಗಿ ಕೂರುತ್ತದೆ. ಅರೆಬರೆ ಕೆಲಸ ಮಾಡುತ್ತದೆ: ಚಡಪಡಿಕೆ ತಗ್ಗುತ್ತದೆ, ನಶೆ ಏರುವುದಿಲ್ಲ. ಆದರೆ ಮೊದಲ ಗುಳಿಗಿಗೆ ಅವಸರ ಕೂಡದು. ಹೆರಾಯಿನ್ ತೆಗೆದುಕೊಂಡು ಕನಿಷ್ಠ 12 ತಾಸು ಕಳೆದು, ಆಕಳಿಕೆ, ಬೆವರು ಶುರುವಾಗಿರಬೇಕು. ಇಲ್ಲದಿದ್ದರೆ ಅದು ಹೆರಾಯಿನ್ನನ್ನು ಒಮ್ಮೆಲೇ ತಳ್ಳಿ ತಾನು ಕೂರುತ್ತದೆ. ಮೂರು ದಿನದಲ್ಲಿ ಬರಬೇಕಾದ ಸಂಕಟ ಅರ್ಧ ತಾಸಿನಲ್ಲಿ ಬರುತ್ತದೆ. ಹಾಗಾದವರು ಮತ್ತೆ ದವಾಖಾನೆ ಮೆಟ್ಟಿಲು ಹತ್ತುವುದು ಕಷ್ಟ.

ಗುಳಿಗಿ ನುಂಗುವಂತಿಲ್ಲ, ನುಂಗಿದರೆ ಔಷಧದ ಬಹುಪಾಲನ್ನು ಲಿವರ್ ನಿಷ್ಫಲ ಮಾಡುತ್ತದೆ. ಬಾಯಲ್ಲಿನ ಗುಟ್ಕಾ ಉಗುಳಿ, ಒಂದು ಗುಟುಕು ನೀರು ಕುಡಿದು, ನಾಲಗೆಯ ಕೆಳಗೆ ಇಟ್ಟುಕೊಂಡು 5ರಿಂದ 10 ನಿಮಿಷ ಸುಮ್ಮನೆ ಕೂರಬೇಕು. ಮಾತೂ ಬೇಡ. ನರ್ಸ್ ಬಾಯಿ ತೆರೆಸಿ ನೋಡುವುದು ಅನುಮಾನಕ್ಕಷ್ಟೇ ಅಲ್ಲ, ಕರಗಿದೆಯೇ ಎಂದು ತಿಳಿಯಲಿಕ್ಕೂ. 2 ಮಿಲಿಗ್ರಾಂ ಗುಳಿಗಿಯಲ್ಲಿ 0.5 ಮಿಲಿಗ್ರಾಂ ನಲಾಕ್ಸೋನ್ ಎಂಬ, ಅಫೀಮಿನ ಕೆಲಸ ತಡೆಯುವ ಔಷಧ ಬೆರೆಸಿರುತ್ತಾರೆ. ನಾಲಗೆ ಕೆಳಗೆ ಅದು ನಿರುಪದ್ರವಿ. ಪುಡಿಮಾಡಿ ಸೂಜಿ ಚುಚ್ಚಿಕೊಂಡರೆ ಸಂಕಟ ಎಬ್ಬಿಸುತ್ತದೆ. ಹೀಗೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ. ನಶೆಯನ್ನೇ ತಡೆಯುವ ಇನ್ನೊಂದು ಔಷಧ ನಾಲ್ಟ್ರೆಕ್ಸೋನ್ ಬೇಕೆನ್ನುವವರು ಮೊದಲು 7ರಿಂದ 10 ದಿನ ಹೆರಾಯಿನ್, ಅಫೀಮು ಏನೂ ಮುಟ್ಟದೆ ಇರಬೇಕು. ಅಲ್ಲಿಯವರೆಗೆ ನಿಲ್ಲುವವರು ಕಡಿಮೆ.

ವಿಮೆಯ ಲೆಕ್ಕ ಬೇರೆ. ಅದು ಎಣಿಸುವುದು ಹಾಸಿಗೆಯ ರಾತ್ರಿಗಳನ್ನು; ಈ ಗುಳಿಗಿ ಸಿಗುವುದು ಹೊರರೋಗಿ ಚೀಟಿಯ ಮೇಲೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ 5 ಲಕ್ಷವೂ ಮುಖ್ಯವಾಗಿ ಒಳರೋಗಿಗೇ. ಖಾಸಗಿ ಪಾಲಿಸಿಯಲ್ಲಿ ಇನ್ನೊಂದು ತೊಡಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕ ವಸ್ತುಗಳಿಗೆ ಸಂಬಂಧಿಸಿದ ಮನೋಸ್ಥಿತಿಯನ್ನೂ ಮಾನಸಿಕ ಕಾಯಿಲೆಯೆಂದು ಎಣಿಸಿ, ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎನ್ನುತ್ತದೆ. ಪಾಲಿಸಿ ಪುಸ್ತಕದಲ್ಲಿ ವಿಮೆ ಸಿಗದವುಗಳ ಪಟ್ಟಿಯ 'ಎಕ್ಸ್‌ಕ್ಲ್ 12' (Excl12) ಸಾಲು ಮಾತ್ರ ವ್ಯಸನದ ಚಿಕಿತ್ಸೆಯನ್ನು ಹೊರಗಿಡುತ್ತದೆ. ಅಡ್ಮಿಟ್ ಆಗುವ ಮೊದಲೇ ಆ ಸಾಲು ಹುಡುಕಿ, ಕಂಪನಿಯ ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಿರಾಕರಿಸಿದರೆ ಮೊದಲು ಕಂಪನಿಗೇ ದೂರು. 30 ದಿನ ಉತ್ತರ ಬಾರದಿದ್ದರೆ ವಿಮೆಯ ದೂರು ಕೇಳುವ ಅಧಿಕಾರಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್; ಅಲ್ಲಿ ಶುಲ್ಕವಿಲ್ಲ. ಕಾಮಾಲೆ, ಜ್ವರ ಎಂದು ಬರೆಸಿ ಕ್ಲೇಮ್ ಹಾಕುವ ಜಾಣತನ ಬೇಡ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು.

ಉತ್ತರ ಕರ್ನಾಟಕದ ನಮ್ಮ ಕಡೆಯವರಿಗೆ ಹಾದಿ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್, ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾ ಆಸ್ಪತ್ರೆ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಬ್ಯುಪ್ರೆನಾರ್ಫಿನ್ ಗುಳಿಗಿ ಬೀದಿಯ ಔಷಧದಂಗಡಿಯಲ್ಲಿ ಸಿಗುವಂಥದ್ದಲ್ಲ. ಬಸ್ ಹತ್ತುವ ಮೊದಲು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಅದು ಎಲ್ಲಿ ಕೊಡುತ್ತಾರೆ, ವಾರಕ್ಕೆ ಎಷ್ಟು ಸಲ ಬರಬೇಕು ಎಂದು ಕೇಳಿಕೊಳ್ಳಿ.